ಬಂದೂಕಿನ ಕೆನ್ನೆಗಿಟ್ಟ ಕುಂಕುಮ

ಕುಕ್ಕರಿನ ತಳಕ್ಕೆ ನೀರು ಹಾಕುವಾಗ, ಹಿಂಡಿದ ನಿಂಬೆಯ ಸಿಪ್ಪೆಯೊಂದನ್ನು ಜೊತೆಗೆ ಬಿಡುವ ಅಭ್ಯಾಸ ನಿಮ್ಮ ಮನೆಯಲ್ಲೂ ಇದೆಯಲ್ಲವೇ? ಇಲ್ಲದಿದ್ದರೆ ಒಳಮೈ ಕಪ್ಪಗಾಗುತ್ತದೆ ಎಂದು ಅಮ್ಮ ಹೇಳಿಕೊಟ್ಟಿದ್ದಳು. ಅಲ್ಯೂಮಿನಿಯಂ ಕುರಿತ ನನ್ನ ಪಾಂಡಿತ್ಯ ಈ ದಸರೆಯವರೆಗೂ ಆ ಸಿಪ್ಪೆಯಷ್ಟೇ ಇತ್ತು. ಈಗ ಕೇಳಿ, ರೈಫಲ್ಲಿನ ಬಿಡಿಭಾಗಕ್ಕೆ ಯಾವ ಹೊದಿಕೆ ಒಳ್ಳೆಯದೆಂದು ಕಾಫಿ ಆರುವವರೆಗೂ ಮಾತಾಡಬಲ್ಲೆ!

ನನ್ನ ಮಗಳು ಚಿನ್ಮಯಿ ಏರ್ ರೈಫಲ್ ಸ್ಪರ್ಧೆಗಳಿಗೆ ಹೋಗುವವಳು. ಗುರಿಯಿಡುವಾಗ ಕೆನ್ನೆಯೊರಗಿಸುವ ಪಟ್ಟಿ ಅವಳಿಗೆ ಎತ್ತರ ಸಾಲದೆ, ಅಲ್ಯೂಮಿನಿಯಮ್ಮಿನಲ್ಲಿ ಹೊಸದೊಂದನ್ನು ಮಾಡಿಸಿದ್ದಳು. ಹಬ್ಬ ಮುಗಿದ ಮರುವಾರವೇ ರಾಜ್ಯಮಟ್ಟದ ಸ್ಪರ್ಧೆ. ಅಭ್ಯಾಸ ಮುಗಿಸಿ ಬಂದವಳ ಬಲಗೆನ್ನೆಯ ಮೇಲೆ ಕಾಡಿಗೆ ತೀಡಿದಂಥ ಬೂದುಗೀರು ಕಂಡಿತು. ಸಿಸ್ಟರು ಸಾಲಾಗಿ ನಿಲ್ಲಿಸಿ ಉಗುರು ನೋಡುತ್ತಿದ್ದ ಕಾನ್ವೆಂಟಿನಲ್ಲಿ ಬೆಳೆದ ನನ್ನ ಕಣ್ಣಿಗೆ ಇಂಥವು ತಪ್ಪುವುದಿಲ್ಲ. ಬೆತ್ತಲೆ ಲೋಹ ಬೆವರಿಗೆ ಬಿಟ್ಟ ಗುರುತು ಅದು.

ಅಂದಿನಿಂದ ರಾಮಕೃಷ್ಣನಗರದ ನಮ್ಮ ಊಟದ ಮೇಜು ವಿಚಾರಗೋಷ್ಠಿಯಾಯಿತು. ಪೇಂಟು ನೋಡಲು ಚೆಂದ, ಆದರೆ ಉಜ್ಜಾಟಕ್ಕೆ ಏಳುತ್ತದೆ. ಕಿಟಕಿಯ ಸರಳಿಗೆ ಹಾಕಿಸಿದ ಪೌಡರ್ ಕೋಟಿಂಗ್ ಗಟ್ಟಿ, ಆದರೆ ದಪ್ಪ. ಪಟ್ಟಿ ತನ್ನ ಸಂದಿನೊಳಗೆ ಜಾರುವುದೇ ಇಲ್ಲ. ಉಳಿದದ್ದು ಆನೊಡೈಸಿಂಗ್, ನನ್ನ ಕಪ್ಪು ಬಾಣಲೆಯ ಮೈಯಂಥದ್ದು. ಇದು ಹೊರಗಿನಿಂದ ಹಚ್ಚುವ ಬಣ್ಣವಲ್ಲ, ಆಮ್ಲದಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಲೋಹದಿಂದಲೇ ಅದರ ಚರ್ಮವನ್ನು ಬೆಳೆಸುವ ವಿದ್ಯೆ. ಆ ಎಳೆಚರ್ಮದ ತುಂಬ ಕಣ್ಣಿಗೆ ಕಾಣದ ರಂಧ್ರಗಳು; ಬೇಕಾದ ಬಣ್ಣ ಕುಡಿಸಿ, ಕೊನೆಗೆ ಕುದಿನೀರಿನಲ್ಲಿ ಬೇಯಿಸಿದರೆ ಮುಚ್ಚಿಕೊಳ್ಳುತ್ತವೆಯಂತೆ. ಬೇಯಿಸುವುದು! ಬಂದೂಕಿನ ಲೋಕದಲ್ಲಿ ನನ್ನ ಮಾತೃಭಾಷೆ ಕೇಳಿಸಿದ ಹಾಗಾಯಿತು.

ಬಣ್ಣದಲ್ಲಿ ಮಾತ್ರ ಒಮ್ಮತವಿಲ್ಲ: ನನಗೆ ರಾಮಾ ಗ್ರೀನ್, ಅವಳಿಗೆ ಕಪ್ಪು. ಹೆಬ್ಬಾಳದ ವರ್ಕ್‌ಶಾಪಿನವರು ಚರ್ಮ ಬೆಳೆಸಿ, ಬಣ್ಣ ಕುಡಿಸುವ ಮೊದಲೇ ಪಟ್ಟಿಯನ್ನು ಕೊಟ್ಟು ಕಳಿಸಿದರು. "ಸರಿಯಾಗಿ ಕೂರುತ್ತಾ ನೋಡ್ಕೊಂಡ್ ಬಂದ್ಬುಡಿ ಮೇಡಂ. ಹಬ್ಬ ಆದ್ಮೇಲೆ ಬಣ್ಣ ಹಾಕಿ ಸೀಲ್ ಮಾಡ್ಕೊಡ್ತೀನಿ. ಕೈ ಮಾತ್ರ ಸೋಕಿಸ್ಬೇಡಿ." ಪಟ್ಟಿ ಹೇಳಿ ಮಾಡಿಸಿದಂತೆ ಕೂತಿತು. ತೆಗೆಯಲು ಮನಸ್ಸಾಗದೆ ಹಾಗೆಯೇ ಬಿಟ್ಟೆವು.

ಮಾರನೆಯ ದಿನ ಆಯುಧಪೂಜೆ. ಈಳಿಗೆಮಣೆ, ಮಿಕ್ಸಿ, ಸ್ಕೂಟರ್, ಯಾವುದಕ್ಕೂ ಬೊಟ್ಟು ತಪ್ಪಿಸದ ನಮ್ಮ ಅತ್ತೆ, ಮನೆಯ ಏಕೈಕ ನಿಜವಾದ ಆಯುಧವನ್ನು ಬಿಡುತ್ತಾರೆಯೇ? ಒದ್ದೆ ಬೆರಳಿನಲ್ಲಿ ಕುಂಕುಮ ಅದ್ದಿ, ರೈಫಲ್ಲಿನಲ್ಲಿ ಅತ್ಯಂತ ಹೊಳೆಯುವ ಜಾಗ ಹುಡುಕಿ, ಆ ಹೊಸ ಪಟ್ಟಿಗೇ ಇಟ್ಟೇಬಿಟ್ಟರು. ತಟ್ಟೆ ಹಿಡಿದು ನಿಂತಿದ್ದವಳು ನಾನೇ!

"ಅಜ್ಜೀ!"

"ಯಾಕೇ ಹಂಗ್ ಕಿರುಚ್ತೀಯ? ಆಯುಧಕ್ಕೆ ಕುಂಕುಮ ಇಡ್ದೆ ಕೋಲ್ಡ್ ಕ್ರೀಮ್ ಹಚ್ಬೇಕಿತ್ತಾ?"

"ಅದಿನ್ನೂ ಹಸೀ ಮೈ ಅಜ್ಜಿ, ಕುಡ್ಕೊಂಡ್ಬುಡತ್ತೆ!"

ಕುಡಿದೇಬಿಟ್ಟಿತು. ತೊಳೆದರೂ ಒರೆಸಿದರೂ ಬೊಟ್ಟು ಕದಲಲಿಲ್ಲ. ಹಬ್ಬ ಮುಗಿದ ಮೇಲೆ ನಾವಿಬ್ಬರೂ ರೈಫಲ್ ಸಮೇತ ಹೋದಾಗ ವರ್ಕ್‌ಶಾಪಿನವರು ನಕ್ಕು, ಆಮೇಲೆ ತಲೆ ಕೆರೆದುಕೊಂಡರು. ಕಪ್ಪು ಹಾಕಿದರೂ ಅಲ್ಲೊಂದು ಮಚ್ಚೆ ಉಳಿದೀತು. ಚರ್ಮ ಕಿತ್ತು ಮತ್ತೆ ಬೆಳೆಸಿದರೆ ಲೋಹ ಸವೆದು ಪಟ್ಟಿ ಅಲುಗಾಡೀತು. ಅಲುಗಿದರೆ ಗುರಿಯೆಲ್ಲಿ, ಸ್ಪರ್ಧೆಯೆಲ್ಲಿ? ಇತ್ತ ಮನೆಯಲ್ಲಿ ಅತ್ತೆ ಊಟ ಬಿಟ್ಟು ಕೂತಿದ್ದರು.

ಚಿನ್ಮಯಿ ಪಟ್ಟಿಯನ್ನು ರೈಫಲ್ಲಿಗೆ ಹಾಕಿ, ಕೆನ್ನೆಯೊಡ್ಡಿ, ತೆಗೆದು, ಮತ್ತೆ ಒಡ್ಡಿದಳು. ಪ್ರತಿ ಗುಂಡಿಗೂ ಕೆನ್ನೆ ಅದೇ ಜಾಗಕ್ಕೆ ಬರಬೇಕು. ಅವಳ ಕೋಚ್ ವರ್ಷದಿಂದ ಗದರುತ್ತಿದ್ದುದೂ ಅದಕ್ಕೇ.

"ಅಮ್ಮ, ಬೊಟ್ಟು ಸರಿಯಾದ ಜಾಗದಲ್ಲೇ ಇದೆ ಕಣಮ್ಮ. ಇದೇ ನನ್ನ ಗುರುತು. ಬಣ್ಣ ಏನೂ ಬೇಡ, ಹಿಂಗೇ ಬೇಯಿಸ್ಬುಡಿ ಅಂಕಲ್!"

ಕುದಿಯುವ ತೊಟ್ಟಿಯ ಮುಂದೆ ನಿಂತು ನಾನು ಯೋಚಿಸಿದೆ: ಹೊರಗಿನಿಂದ ಹೊದಿಸಿದ್ದು ಎಂದಾದರೂ ಸುಲಿದೀತು, ಮೈ ಹಸಿಯಾಗಿದ್ದಾಗ ಸೋಕಿದ ಬೆರಳು ಮಾತ್ರ, ಅಜ್ಜಿಯದಾಗಲಿ ಸಿಸ್ಟರದಾಗಲಿ, ಒಳಗೇ ಉಳಿದುಬಿಡುತ್ತದೆ. ನಾವೆಲ್ಲ ಬೆಂದದ್ದೂ ಹೀಗೆಯೇ ಇರಬೇಕು.

ಸ್ಪರ್ಧೆಯ ದಿನ ಅವಳು ಹೊರಗೆ ಬಂದಾಗ ಎಲ್ಲರೂ ಅಂಕದ ಫಲಕ ನೋಡಿದರೆ ನಾನು ಬಲಗೆನ್ನೆ ನೋಡಿದೆ. ಸ್ವಚ್ಛ! ಆಮೇಲೆ ಫಲಕ ನೋಡಿದೆ. ಮೂರನೆಯ ಸ್ಥಾನ!

ಇವತ್ತು ಬೆಳಿಗ್ಗೆ ಕುಕ್ಕರಿಗೆ ಸಿಪ್ಪೆ ಹಾಕುವ ಮುಂಚೆ ಅದರ ಒಳಮೈಯನ್ನು ಬೆರಳಿನಿಂದ ಉಜ್ಜಿ ನೋಡಿದೆ. ಅದೇ ಬೂದುಗೀರು. ತೊಳೆದುಕೊಳ್ಳುವ ಬದಲು ಯಾಕೋ ಕೆನ್ನೆಗೆ ಒತ್ತಿಕೊಂಡೆ. ಬಾಗಿಲಲ್ಲಿ ಅತ್ತೆ.

"ಏನೇ ಇದು, ದೃಷ್ಟಿಬೊಟ್ಟಾ?"

"ಹೂಂ, ಅತ್ತೆ," ಎಂದೆ.