ಪರ್ಲ್ ಅವರ ಫೋಟೊಕ್ಕೆ ಹಾಕಿದ ಹಾರ

ಹೋದ ವರ್ಷ ಅಕ್ಟೋಬರ್‌ನಲ್ಲಿ ನಡೆದದ್ದು. ಕಪ್ಪು ಜನಾಂಗದ ಕಲಾವಿದರನ್ನೂ ಹೋರಾಟಗಾರರನ್ನೂ ನಾವಿರುವ ಈ ಹೊರದೇಶದಲ್ಲಿ ನೆನೆಯುವ ತಿಂಗಳು ಅದು. ವಿಮಾನ ನಿಲ್ದಾಣದ ಬದಿಯ ಹೌನ್ಸ್ಲೋ ಊರಿನಲ್ಲಿ ನಮ್ಮ ಮನೆ ಹತ್ತಿರದ ಹಾಲ್‌ನಲ್ಲಿ ಸಣ್ಣ ಸಮಾರಂಭವಿತ್ತು. ಅಲಂಕಾರ ಯಾರು ಮಾಡುತ್ತೀರಿ ಎಂದಾಗ ನಾನೇ ಮುಂದಾಗಿ ಕೈ ಎತ್ತಿದೆ. ಕುಂದಾಪುರದವಳು, ಹೂ ಕಟ್ಟುವುದರಲ್ಲಿ ನನಗೆ ಸ್ವಲ್ಪ ಜಂಬವೇ.

ಗೋಡೆಯ ಮೇಲೆ ಈ ಭಾಗದವರದೇ ಆರು ಫೋಟೊಗಳಿದ್ದವು, ಎಲ್ಲವೂ ಕಪ್ಪು ಬಿಳುಪು. ಒಂದರಲ್ಲಿ ಒಬ್ಬ ಹೆಂಗಸು ಮೈಕ್ ಹಿಡಿದು ಹಾಡುತ್ತಿದ್ದರು. ಹೆಸರು ಪರ್ಲ್. ವಿಮಾನ ಪ್ರಯಾಣಿಕರ ಹೊದಿಕೆ ಒಗೆಯುವ ಲಾಂಡ್ರಿಯಲ್ಲಿ ಹಾಡು ಕಟ್ಟಿ, ಮುಷ್ಕರ ಹೂಡಿ, ಕೆಲಸಗಾರರಿಗೆ ಚಹಾದ ಬಿಡುವು ಕೊಡಿಸಿದವರು ಎಂದು ಕೆಳಗೆ ಬರೆದಿತ್ತು. ಓದಿ ನಿಂತುಬಿಟ್ಟೆ. ನಾನು ದುಡಿಯುವುದು ಅದೇ ಲಾಂಡ್ರಿಯಲ್ಲಿ. ಆ ಇಪ್ಪತ್ತು ನಿಮಿಷದ ಚಹಾ ಯಾರ ದಯೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಅಷ್ಟು ಹಳೆಯ ಫೋಟೊಗಳು, ಎಲ್ಲರೂ ಹೋಗಿಬಿಟ್ಟಿದ್ದಾರೆಂದೇ ತಿಳಿದೆ. ಸೇವಂತಿಗೆ ಕಟ್ಟಿ ಆರಕ್ಕೂ ಹಾರ ಹಾಕಿ, ದೀಪವಿಟ್ಟು ಕೈಮುಗಿದೆ.

ಅಷ್ಟರಲ್ಲಿ ನಮ್ಮ ಯಜಮಾನರು ಓಡಿಬಂದು ಕಿವಿಯಲ್ಲಿ ಹೇಳಿದರು: "ಎಂತ ಮಾಡ್ದೆ ಮಾರಾಯ್ತಿ, ಅವ್ರ್ ಬದ್ಕಿದ್ರ್. ಕಾಣ್, ಬಾಗ್ಲಲ್ಲೇ ಇದ್ರ್."

ಕೋಲೂರಿಕೊಂಡು ಪರ್ಲ್ ಒಳಗೆ ಬರುತ್ತಿದ್ದರು. ಅವರು ನೇರ ತಮ್ಮ ಫೋಟೊದ ಮುಂದೆ ನಿಂತು, "ಎಷ್ಟು ಚೆಂದ. ಇದರ ಅರ್ಥ ಏನು ಡಾರ್ಲಿಂಗ್?" ಎಂದು ಕೇಳಿದರು.

ಗೌರವ ಅಂದಿದ್ದರೆ ಮುಗಿಯುತ್ತಿತ್ತು. ನಮ್ಮ ಯಜಮಾನರನ್ನು ಬಿಟ್ಟರೆ ಅಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವರು ಕೊಡಿಸಿದ ಚಹಾ ಕುಡಿಯುವವಳು ನಾನು, ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಮ್ಮಲ್ಲಿ ತೀರಿಹೋದವರ ಫೋಟೊಕ್ಕೆ ಹೀಗೆ ಹಾಕುತ್ತೇವೆ. ತಪ್ಪಾಯಿತು," ಎಂದೆ.

ಅವರು ಹಾರದ ಹೂವೊಂದನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ, "ಬದುಕಿರುವವರಿಗೆ?" ಎಂದರು.

"ಕೊರಳಿಗೆ."

"ಹಾಗಾದರೆ ಹಾಕು. ಮೂಗು ಇನ್ನೂ ಚೆನ್ನಾಗಿದೆ, ವಾಸನೆ ನೋಡುತ್ತೇನೆ," ಎಂದು ತಲೆ ಬಗ್ಗಿಸಿದರು.

ಫೋಟೊದಿಂದ ಹಾರ ಬಿಡಿಸಿ ಅವರ ಕೊರಳಿಗೆ ಹಾಕಿದೆ. ಅವರು ಉಳಿದ ಐದು ಫೋಟೊಗಳನ್ನು ನೋಡಿ ಮೆಲ್ಲಗೆ ಹೇಳಿದರು: "ಇವರೆಲ್ಲ ನನ್ನ ಜೊತೆಗಿದ್ದವರು. ಬದುಕಿದ್ದಾಗ ಒಬ್ಬರಿಗೂ ಯಾರೂ ಒಂದು ಹೂ ಕೊಡಲಿಲ್ಲ."

ಈಗ ಚಹಾದ ಗಂಟೆಯಾದರೆ ಪರ್ಲ್ ಅವರ ಕೊರಳಲ್ಲಿದ್ದ ಹಾರ ನೆನೆದು ಸಂತೋಷವಾಗುತ್ತದೆ. ಆವತ್ತು ಗೋಡೆಯಲ್ಲೇ ಉಳಿದ ಐದು ಹಾರಗಳನ್ನು ನೆನೆದರೆ ಮಾತ್ರ ಚಹಾ ಲೋಟದಲ್ಲೇ ಆರಿಹೋಗುತ್ತದೆ.