ಚರಿಗೆ ಹಿಡಿದು ವಾಕಿಂಗ್

ನಾನು ದುರ್ಗಪ್ಪ, ಮೇಲವಂಕಿಯವನು. ಬಾಯಿ ಸ್ವಲ್ಪ ಜಾಸ್ತಿ. ಈ ಹಾಳು ಬಾಯಿಂದಲೇ ಗೆಳೆಯ ಭೀಮಶಿಯ ವಾಕಿಂಗ್ ಬಿಡಿಸಿದೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಗೋಕಾಕ ಪೇಟೆಯಲ್ಲಿ ಇಪ್ಪತ್ತು ವರ್ಷ ಜೊತೆಗೆ ಹಮಾಲಿ ಮಾಡಿದವರು ನಾವು. ಗೋವಿನಜೋಳದ ಚೀಲವನ್ನು ಹೂವಿನಂತೆ ಎತ್ತುತ್ತಿದ್ದ ಭೀಮಶಿಗೆ ಹೋದ ದೀಪಾವಳಿಗೆ ಮುಂಚೆ ಹೃದಯಾಘಾತವಾಯಿತು. ದವಾಖಾನೆಗೆ ಒಯ್ದವನು ನಾನೇ. ಜೀವ ಉಳಿಯಿತು, ಮನಸ್ಸು ಕುಸಿಯಿತು. ಊಟ ಬೇಡ, ಮಾತು ಬೇಡ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದ. ಇದು ಖಿನ್ನತೆ, ಗುಳಿಗೆಯ ಜೊತೆ ದಿನಾ ಅರ್ಧ ತಾಸು ನಡೆಯಲೇಬೇಕು, ಎದೆಗೂ ಮನಸ್ಸಿಗೂ ಒಳ್ಳೆಯದು ಎಂದರಂತೆ ಡಾಕ್ಟರು. ಅದು ನನಗಾಗ ಗೊತ್ತಿರಲಿಲ್ಲ.

ನಡೆಯುವುದೇನು ದೊಡ್ಡ ಮಾತು ಅಂತೀರಾ? ನಮ್ಮೂರಲ್ಲಿ ಎದುರಾದವರೆಲ್ಲ "ಎಲ್ಲಿಗಿ ಹೊಂಟಿ?" ಎಂದು ಕೇಳದೆ ಬಿಡುವುದಿಲ್ಲ. ದುಡಿಯುವ ಗಂಡಸು ಬರಿಗೈಯಲ್ಲಿ ಸುಮ್ಮನೆ ನಡೆಯುತ್ತಿದ್ದೇನೆ ಎನ್ನುವುದು ಹೇಗೆ? ಅದಕ್ಕೇ ಭೀಮಶಿ ನೀರಿನ ಚರಿಗೆ ಹಿಡಿದು ಹೊರಟ. ಬಯಲಿಗೆ ಹೊರಟವನನ್ನು ಯಾರೂ ತಡೆದು ಮಾತಾಡಿಸುವುದಿಲ್ಲವಲ್ಲ! ಹೀಗೆ ಎರಡು ವಾರ ನಡೆದ. ಒಂದು ರೊಟ್ಟಿ ಹೆಚ್ಚೇ ತಿನ್ನತೊಡಗಿದ್ದನಂತೆ.

ಒಂದು ಮುಂಜಾನೆ ಗುರುಪಾದನ ಚಹಾದಂಗಡಿಯ ಮುಂದೆ ಹತ್ತು ಮಂದಿ ಕೂತಿದ್ದೆವು. ಭೀಮಶಿ ಚರಿಗೆ ಹಿಡಿದು ಆ ದಾರಿಯಲ್ಲೇ ಬಂದ. ನನಗೆ ತಡೆಯಲಾಗಲಿಲ್ಲ, ಕೂಗಿಬಿಟ್ಟೆ: "ಲೇ ಭೀಮಶಿ, ಮನ್ಯಾಗ ಸಂಡಾಸ ಇಟಗೊಂಡು ಇಷ್ಟ ದೂರ ಹೊಂಟಿಯಲ್ಲೋ, ಹೊಟ್ಟಿ ಅಷ್ಟ ಕೆಟ್ಟೈತೇನ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಭೀಮಶಿ ಚರಿಗೆಯ ನೀರನ್ನು ಅಲ್ಲೇ ಚೆಲ್ಲಿ ಮನೆಯ ಕಡೆ ತಿರುಗಿದ. ಮರುದಿನದಿಂದ ಅವನು ಹೊರಬೀಳಲಿಲ್ಲ.

ಎಂಟನೆಯ ದಿನ ಅವನ ಹೆಂಡತಿ ಮರೆವ್ವ ನಮ್ಮ ಅಂಗಳಕ್ಕೇ ಬಂದು ನಿಂತಳು. "ನಿಮ್ಮ ಬಾಯಾಗ ಮಣ್ಣ ಬೀಳ್ಲಿ, ದುರ್ಗಪ್ಪಣ್ಣಾ! ಮತ್ತ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾರ. ನಿಮಗ ನಗಿ ಆತು, ಇಲ್ಲಿ ನನ್ನ ಗಂಡನ ಜೀವ ಹೊಂಟೈತಿ." ಡಾಕ್ಟರು ಹೇಳಿದ್ದನ್ನೆಲ್ಲ ಆಗ ಹೇಳಿದಳು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಅವಳ ಹಿಂದೆಯೇ ಹೋದೆ. "ತಪ್ಪಾತೋ ದೋಸ್ತ" ಎಂದೆ.

ಭೀಮಶಿ ತಿರುಗಲೂ ಇಲ್ಲ. "ಅವತ್ತ ದವಾಖಾನಿಗಿ ಯಾಕ ಒಯ್ದಿ? ಬಿಟ್ಟಿದ್ರ ಮುಗದ ಹೋಗ್ತಿತ್ತ."

ರಟ್ಟೆ ಹಿಡಿದು ಎಬ್ಬಿಸಿದೆ. "ಏಳ, ನಾನೂ ಬರ್ತೇನಿ. ಬರಿಗೈಲೆ ಹೋಗೂಣು."

ಚಹಾದಂಗಡಿಯ ಹತ್ತಿರ ಬಂದೆವು. ಅದೇ ಮಂದಿ ಕೂತಿತ್ತು. "ಇಬ್ರೂ ಕೂಡಿ ಎಲ್ಲಿಗಿ ಹೊಂಟೀರಿ?" ಎಂದ ಗುರುಪಾದ.

ಇಷ್ಟೆಲ್ಲ ಮಾತಾಡುವ ನನಗೆ ನಿಜ ಹೇಳುವ ಧೈರ್ಯ ಬರಲಿಲ್ಲ. "ಇಲ್ಲೇ... ನಮ್ಮ ಅಕ್ಕನ ಮಗಗ ಕನ್ಯಾ ನೋಡಾಕ" ಎಂದುಬಿಟ್ಟೆ.

ಭೀಮಶಿ ನಿಂತ. ನನ್ನನ್ನೊಮ್ಮೆ ನೋಡಿದ, ಅವರನ್ನೊಮ್ಮೆ ನೋಡಿದ. "ಸುಳ್ಳ ಹೇಳಾಕತ್ತಾನ. ನನಗ ಮನಸ್ಸಿಗಿ ಆರಾಮಿಲ್ಲ. ಸಾಯಬೇಕ ಅನಸ್ತೈತಿ. ಅದಕ್ಕ ನಡಿಯಾಕ ಹೊಂಟೇನಿ."

ಯಾರೂ ನಗಲಿಲ್ಲ. ಅವನು ಮುಂದೆ ನಡೆದ. ನಾನು ತಲೆ ಎತ್ತದೆ ಅವನ ಹಿಂದೆ ಹೋದೆ.