ನನ್ನ ಮುಖದ ಬಗ್ಗೆ ನಾಲ್ಕು ಜನರ ಮಾತು

ಸಿಡ್ನಿಗೆ ಬಂದ ಹೊಸತರಲ್ಲಿ ನನ್ನ ಗಂಡನಿಗೆ ನನ್ನ ಬಿಡುವಿನ ಬಗ್ಗೆ ವಿಪರೀತ ಚಿಂತೆ ಹತ್ತಿತ್ತು. ಅವರಿಗೆ ಆಫೀಸು, ಟ್ರೇನು, ಇಲ್ಲೇ ನೆಲೆಸಲು ಪಿಆರ್ ಅರ್ಜಿ ಎಂದು ಕೈತುಂಬ ಕೆಲಸ. ಗಿರಾವೀನ್‌ನ ಬಾಡಿಗೆ ಮನೆಯಲ್ಲಿ ಹಗಲೆಲ್ಲ ಒಬ್ಬಳೇ ಇರುವ ಹೆಂಗಸು ಒಂದೋ ಟಿವಿ ನೋಡಿ ಹಾಳಾಗುತ್ತಾಳೆ, ಇಲ್ಲವೇ ಊರಿಗೆ ಫೋನ್ ಮಾಡಿ ಮನೆ ಹಾಳು ಮಾಡುತ್ತಾಳೆ ಎಂಬುದು ಅವರ ದೃಢವಾದ ನಂಬಿಕೆ. ಹಾಗಾಗಿ ಹತ್ತಿರದ ಕಾಲೇಜಿನ ಶನಿವಾರದ ಡ್ರಾಯಿಂಗ್ ಕ್ಲಾಸಿಗೆ ಸೇರುತ್ತೇನೆ ಎಂದಾಗ ಕೇಳಿದ ಕೂಡಲೇ ಒಪ್ಪಿದರು. ಅದು ಫಿಗರ್ ಡ್ರಾಯಿಂಗ್ ಕ್ಲಾಸು, ಎದುರಿಗೆ ಕೂತ ಮನುಷ್ಯರನ್ನು ನೋಡಿ ಬರೆಯಬೇಕು, ಮತ್ತು ಆ ಮನುಷ್ಯರ ಮೈಮೇಲೆ ಒಂದೆಳೆ ನೂಲೂ ಇರುವುದಿಲ್ಲ ಎಂಬುದು ನಮಗಿಬ್ಬರಿಗೂ ಮೊದಲ ಶನಿವಾರವೇ ತಿಳಿಯಿತು. ನನಗೆ ಕ್ಲಾಸಿನಲ್ಲಿ, ಅವರಿಗೆ ಮನೆಯಲ್ಲಿ ನಾನು ಹಾಳೆ ಬಿಚ್ಚಿದಾಗ. ಅಷ್ಟು ಹೊತ್ತಿಗೆ ಫೀಸು ಕಟ್ಟಿಯಾಗಿತ್ತು, ಕಾಲೇಜಿನವರು ವಾಪಸು ಕೊಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಕಲೆಗೆ ಪ್ರೋತ್ಸಾಹ ಸಿಕ್ಕಿದ್ದು ಹೀಗೆ.

ಅದೇ ಸಮಯಕ್ಕೆ ಮೈಸೂರಿನಿಂದ ಅತ್ತೆ ಬಂದರು. ಅವರ ವೀಸಾದ ಆರು ತಿಂಗಳನ್ನು ಸರಿಯಾಗಿ ಅರ್ಧ ಮಾಡಿ, ಮೊದಲ ಪಾಲು ಸಿಡ್ನಿಯ ಮಗನಿಗೆ, ಎರಡನೆಯ ಪಾಲು ಮೆಲ್ಬರ್ನ್‌ನ ಕ್ರಾನ್‌ಬರ್ನ್‌ನಲ್ಲಿರುವ ಮಗಳಿಗೆ ಎಂದು ಅಣ್ಣ ತಂಗಿ ಮೊದಲೇ ಹಂಚಿಕೊಂಡಿದ್ದರು. ಅತ್ತೆಯ ಮಟ್ಟಿಗೆ ನನ್ನದು ಹೂವು ಹಣ್ಣು ಬರೆಯುವ ಕ್ಲಾಸು. ಹಾಗೆಂದು ಹೇಳಬೇಕೆಂದು ಗಂಡ ಹೆಂಡತಿ ಬಾಗಿಲು ಹಾಕಿಕೊಂಡು ತೀರ್ಮಾನಿಸಿದ್ದೆವು.

"ಇಷ್ಟು ದಿನದಿಂದ ಹೋಗ್ತಿದ್ದೀಯ, ಒಂದು ಬಾಳೆಹಣ್ಣೂ ಕಣ್ಣಿಗೆ ಬೀಳ್ಲಿಲ್ವಲ್ಲೇ?" ಎಂದು ಅತ್ತೆ ಕೇಳುವರು.

"ಇನ್ನೂ ಗೆರೆ ಎಳೆಯೋದು ಕಲಿಸ್ತಿದಾರೆ ಅತ್ತೆ" ಎನ್ನುತ್ತಿದ್ದೆ. ಸುಳ್ಳೇನೂ ಅಲ್ಲ.

ನಮ್ಮ ಅತ್ತೆ ಕೆಟ್ಟವರಲ್ಲ. ಬೈಯುವುದಿಲ್ಲ, ಹಂಗಿಸುವುದಿಲ್ಲ. ಆದರೆ ಹೊಗಳಿಕೆ ಎಂಬ ಪದಾರ್ಥವನ್ನು ದೇವರು ಅವರ ಬಾಯಲ್ಲಿ ಇಡುವುದನ್ನೇ ಮರೆತಿದ್ದ. ನಾನು ಬೆವರು ಸುರಿಸಿ ಮಾಡಿದ ಮೈಸೂರುಪಾಕನ್ನು ತಿಂದು, ನೀರು ಕುಡಿದು, "ಹೂಂ" ಎನ್ನುವರು. ಹೊಸ ಸೀರೆ ಉಟ್ಟು ಎದುರಿಗೆ ನಿಂತರೆ "ಸೆರಗು ಎಳ್ಕೋ" ಎನ್ನುವರು. ನನ್ನನ್ನು ನೋಡಲು ಬಂದ ದಿನವೂ ನನ್ನ ಮುಖವನ್ನು ಚೆನ್ನಾಗಿ ದಿಟ್ಟಿಸಿ, "ಮೂಗು ಸ್ವಲ್ಪ ದಪ್ಪ, ಇರ್ಲಿ" ಎಂದು ಸಂಬಂಧ ಖಾಯಂ ಮಾಡಿದ್ದರು. ಮದುವೆಯಾಗಿ ಏಳು ವರ್ಷವಾಗಿತ್ತು. ನನಗೆ ಅವರಿಂದ ಒಡವೆ ಬೇಡ, ವಸ್ತ್ರ ಬೇಡ, ಒಂದೇ ಒಂದು "ಚೆನ್ನಾಗಿದೆ" ಬೇಕಾಗಿತ್ತು. ಇಷ್ಟು ಸಣ್ಣ ಆಸೆಗೆ ಇಷ್ಟು ದೊಡ್ಡ ಹಸಿವು ಇರುತ್ತದೆಂದು ಹೇಳಿಕೊಳ್ಳಲು ನಾಚಿಕೆ, ಗಂಡನಿಗೂ ಹೇಳಿರಲಿಲ್ಲ.

ಟರ್ಮ್‌ನ ಕೊನೆಗೆ ಬೆತ್ತಲೆ ಮಾಡೆಲ್‌ಗಳನ್ನು ಮನೆಗೆ ಕಳಿಸಿ, ನಿಮ್ಮ ನಿಮ್ಮ ಮುಖವನ್ನು ನೀವೇ ಬರೆದು ತನ್ನಿ ಎಂದರು ನಮ್ಮ ಟೀಚರ್. ಅವರು ಕೊರಳಿಗೆ ನಿಂಬೆಹಣ್ಣಿನ ಗಾತ್ರದ ಮರದ ಮಣಿಗಳನ್ನು ಹಾಕಿಕೊಳ್ಳುವ ಹಿರಿಯ ಹೆಂಗಸು. ನಾನು ಊಟದ ಮೇಜಿನ ಮೇಲೆ ಗಂಡನ ಶೇವಿಂಗ್ ಕನ್ನಡಿ ನಿಲ್ಲಿಸಿಕೊಂಡು, ಇದ್ದಿಲ ಕಡ್ಡಿಯಲ್ಲಿ ದಿನವೂ ಸ್ವಲ್ಪ ಸ್ವಲ್ಪ ಬರೆದೆ. ಎದುರಿಗೆ ಅತ್ತೆ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂರುವರು. ಒಂದು ದಿನ ಧೈರ್ಯ ಮಾಡಿ ಹಾಳೆಯನ್ನು ಅವರ ಕಡೆ ತಿರುಗಿಸಿದೆ.

"ಹೇಗಿದೆ ಅತ್ತೆ?"

ಅವರು ಬಹಳ ಹೊತ್ತು ನೋಡಿದರು.

"ಇದ್ದಿಲು ಕಾರ್ಪೆಟ್ ಮೇಲೆಲ್ಲ ಉದುರಿದೆ ನೋಡು" ಎಂದರು.

ಅದೇ ಸಂಜೆ ಕ್ರಾನ್‌ಬರ್ನ್‌ಗೆ ಫೋನಿನಲ್ಲಿ, "ಏನೋ ಗೀಚ್ಕೊಂಡು ಕೂತಿರ್ತಾಳೆ ಕಣೇ, ತನ್ನ ಮುಖಾನೇ ತಾನು. ಗೋಡೆಗೆ ನೇತುಹಾಕ್ತಾರಂತೆ, ಹತ್ತು ಜನ ಬಂದು ನೋಡ್ತಾರಂತೆ" ಎಂದು ಮಗಳಿಗೆ ವರದಿ ಒಪ್ಪಿಸಿದ್ದು ಅಡುಗೆಮನೆಯಲ್ಲಿದ್ದ ನನ್ನ ಕಿವಿಗೆ ಬಿತ್ತು. ಬಹಳ ನೋವಾಯಿತು. ಆ ರಾತ್ರಿಯ ಸಾರಿಗೆ ಉಪ್ಪು ಹೆಚ್ಚಾಗಿದ್ದರೆ ಅದು ಕೈತಪ್ಪಲ್ಲ.

ಕ್ಲಾಸಿನ ಕೊನೆಯ ಶನಿವಾರವೇ ಅತ್ತೆ ಮೆಲ್ಬರ್ನ್‌ಗೆ ಹೊರಡುವ ದಿನ. ಹಿಂದಿನ ಸಂಜೆ ಇದ್ದಿಲು ಅಳಿಸದಿರಲೆಂದು ಚಿತ್ರಕ್ಕೆ ಹೇರ್ ಸ್ಪ್ರೇ ಹೊಡೆದು ಮೇಜಿನ ಮೇಲೆ ಬಿಟ್ಟಿದ್ದೆ. ಬೆಳಿಗ್ಗೆ, ಒಂದೂವರೆ ಗಂಟೆಯ ವಿಮಾನ ಪ್ರಯಾಣಕ್ಕೆ ಎರಡು ಡಬ್ಬಿ ಚಿತ್ರಾನ್ನ ಕಟ್ಟುವ ಗಡಿಬಿಡಿಯಲ್ಲಿ, ನೋಡದೆಯೇ ಹಾಳೆ ಸುತ್ತಿ ಕಂಕುಳಲ್ಲಿಟ್ಟುಕೊಂಡೆ. ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದೆ. "ಗ್ಯಾಸ್ ಆರಿಸಿದ್ದೀಯಾ ನೋಡು" ಎಂದು ಆಶೀರ್ವದಿಸಿ ಅವರು ಮಗನ ಜೊತೆ ಏರ್‌ಪೋರ್ಟಿಗೆ ಹೋದರು.

ಕ್ಲಾಸಿನಲ್ಲಿ ಟೀಚರ್ ವಿಮರ್ಶೆಯ ನಿಯಮಗಳನ್ನು ವಿವರಿಸಿದರು. ಚಿತ್ರ ಬರೆದವರು ಎಲ್ಲರ ಮಾತು ಮುಗಿಯುವವರೆಗೆ ತುಟಿ ಬಿಚ್ಚಬಾರದು. ಉಳಿದವರು ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನಬಾರದು. ತಮಗೆ ಏನು ಕಾಣುತ್ತದೋ ಅದನ್ನಷ್ಟೇ ಹೇಳಬೇಕು. ನನ್ನ ಗ್ರಹಚಾರ ನೋಡಿ, ನಾನು ಹುಡುಕುತ್ತಿದ್ದ ಆ ಒಂದು ಪದವನ್ನು ಇಲ್ಲಿ ಕಾನೂನು ಮಾಡಿಯೇ ನಿಷೇಧಿಸಿದ್ದರು. ಬಾಯಿ ಮುಚ್ಚಿಕೊಂಡಿರಬೇಕು ಎಂದಾಗ ಬೇರೆಯವರೆಲ್ಲ ಕಂಗಾಲಾದರು, ನನಗೇನೂ ಅನ್ನಿಸಲಿಲ್ಲ. ಹೆಣ್ಣು ನೋಡುವ ಶಾಸ್ತ್ರ ಮುಗಿಸಿ ಬಂದವಳಿಗೆ ಇದು ಯಾವ ಲೆಕ್ಕ? ಅಲ್ಲೂ ಮುಖ ಒಪ್ಪಿಸಿ ಸುಮ್ಮನೆ ಕೂರಬೇಕು, ಮಾತೆಲ್ಲ ಮಿಕ್ಕವರದ್ದು. ಅಲ್ಲಿ ಕೇಸರಿಬಾತು ಕೊಡುತ್ತಾರೆ, ಇಲ್ಲಿ ಕೊಟ್ಟಿದ್ದು ಒಣ ಬಿಸ್ಕತ್ತು.

ಮೊದಲು ಒಬ್ಬ ನಿವೃತ್ತ ದಂತವೈದ್ಯರ ಚಿತ್ರ. ಕಣ್ಣು ಮೂಗು ಅಂದಾಜಿಗೆ ಬರೆದು, ಹಲ್ಲುಗಳನ್ನು ಮಾತ್ರ ದವಡೆಯವರೆಗೂ ಬಿಡದೆ ಬರೆದಿದ್ದರು. ಆಮೇಲೆ ನೀಲಿ ಕೂದಲಿನ ಒಬ್ಬ ಹುಡುಗಿಯದು. ಅದರಲ್ಲಿ ಮುಖವೇ ಇರಲಿಲ್ಲ, ಒಂದು ಖಾಲಿ ಕುರ್ಚಿ ಇತ್ತು. ಎಲ್ಲರೂ ಅದನ್ನು ಧೈರ್ಯದ ಕೆಲಸ ಎಂದರು. ಮುಖ ಬರೆದು ತಾ ಎಂದರೆ ಕುರ್ಚಿ ಬರೆದು ತರಲು ನಿಜಕ್ಕೂ ಧೈರ್ಯ ಬೇಕು.

ನನ್ನ ಸರದಿ ಬಂತು. ಸುರುಳಿ ಬಿಚ್ಚಿ ಗೋಡೆಗೆ ಪಿನ್ನು ಚುಚ್ಚಿ ಹಿಂದೆ ಸರಿದರೆ, ಎಡಗೆನ್ನೆಯ ಮೇಲೆ, ಕಿವಿಯ ಹತ್ತಿರ, ಕಡಲೆಕಾಳಿನಷ್ಟು ದೊಡ್ಡ ಕಪ್ಪು ಬೊಟ್ಟು! ಇದ್ದಿಲಿಗೆ ಹೊಳಪಿರುವುದಿಲ್ಲ, ಇದು ಮಿರಮಿರ ಮಿಂಚುತ್ತಿತ್ತು. ಅತ್ತೆಯ ಡಬ್ಬಿಯ ಕಾಡಿಗೆ. ಎಣ್ಣೆ ಆಗಲೇ ಕಾಗದಕ್ಕೆ ಇಳಿದು ಸುತ್ತಲೂ ಹರಡಿತ್ತು. ಬಂದ ಹೊಸತರಲ್ಲಿ ಮಗನ ಕಾರಿನ ಬಂಪರಿಗೂ ಅವರು ಹೀಗೆಯೇ ದೃಷ್ಟಿಬೊಟ್ಟು ಇಟ್ಟಿದ್ದರು. ಅವರ ಈ ಚಟ ನನಗೆ ಗೊತ್ತಿತ್ತು, ಆದರೆ ನನ್ನ ವಾರಗಟ್ಟಲೆಯ ಕೆಲಸದ ಮೇಲೆ ಬೆರಳು ಅದ್ದುತ್ತಾರೆಂದುಕೊಂಡಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಕಿರುಚೋಣವೆಂದರೆ ಬಾಯಿ ಬಿಡುವಂತಿಲ್ಲ.

"ನನಗೆ ಗಾಯ ಕಾಣಿಸುತ್ತಿದೆ" ಎಂದಳು ನೀಲಿ ಕೂದಲಿನವಳು, ಕಣ್ಣಲ್ಲಿ ನೀರು ತಂದುಕೊಂಡು. "ಮಾತಾಡಲು ಬಿಡದ ಹೆಣ್ಣಿನ ಒಳಗಿನ ಸಿಟ್ಟು ಕಾಣಿಸುತ್ತಿದೆ." ಆ ಕ್ಷಣದ ಮಟ್ಟಿಗೆ ಅವಳು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ದಂತವೈದ್ಯರು ಕನ್ನಡಕ ಏರಿಸಿ ಹತ್ತಿರ ಹೋದರು. ಅಂಚು ಹೀಗೆ ಒಡೆದ ಮಚ್ಚೆ ಒಳ್ಳೆಯದಲ್ಲ, ಈ ದೇಶದ ಬಿಸಿಲು ಕೆಟ್ಟದ್ದು, ಸೋಮವಾರವೇ ಚರ್ಮದ ಡಾಕ್ಟರಿಗೆ ತೋರಿಸು ಎಂದರು. ನನ್ನ ನಿಜವಾದ ಕೆನ್ನೆ ಅವರಿಂದ ಮೂರಡಿ ದೂರದಲ್ಲೇ ಇತ್ತು. ಅದನ್ನು ನೋಡುವ ಅಗತ್ಯ ಅವರಿಗೆ ಕಾಣಲಿಲ್ಲ.

ಕೊನೆಗೆ ಟೀಚರ್ ಮಣಿಗಳನ್ನು ಎಣಿಸುತ್ತಾ ನಿಂತರು. "ಉಳಿದ ಚಿತ್ರ ತುಂಬ ವಿಧೇಯವಾಗಿದೆ. ಒಂದೊಂದು ಕೂದಲೂ ಹೇಳಿದ ಮಾತು ಕೇಳುತ್ತದೆ. ಈ ಹಾಳೆಯಲ್ಲಿ ಹೆದರದೆ ಇಟ್ಟಿರುವ ಗುರುತು ಎಂದರೆ ಅದೊಂದೇ" ಎಂದು ಆ ಬೊಟ್ಟನ್ನು ತೋರಿಸಿದರು. ಎಲ್ಲರೂ ತಲೆಯಾಡಿಸಿದರು. ಮನೆಯಲ್ಲಂತೂ ಸರಿ, ಸಮುದ್ರ ದಾಟಿ ಬಂದು ಡ್ರಾಯಿಂಗ್ ಕ್ಲಾಸಿಗೆ ಸೇರಿದರೂ ಮಾರ್ಕು ಬಿದ್ದದ್ದು ಅತ್ತೆಗೇ.

ಈಗ ನೀನು ಮಾತಾಡಬಹುದು ಎಂದರು ಟೀಚರ್.

"ಅದನ್ನು ಇಟ್ಟಿದ್ದು ನಾನಲ್ಲ, ನನ್ನ ಅತ್ತೆ" ಎಂದೆ.

ಟೀಚರ್ ನನ್ನ ತೋಳು ಹಿಡಿದು, ತಗ್ಗಿದ ದನಿಯಲ್ಲಿ, ಮನೆಯಲ್ಲಿ ಎಲ್ಲ ಕ್ಷೇಮವೇ, ಯಾರ ಹತ್ತಿರವಾದರೂ ಮಾತಾಡಬೇಕೇ, ಕಾಲೇಜಿನಲ್ಲಿ ಸಹಾಯವಾಣಿಯ ಒಂದು ನಂಬರಿದೆ ಎಂದರು. ಅಯ್ಯೋ, ಹಾಗಲ್ಲ ಎಂದು ನಾನು ನನ್ನ ಹರುಕುಮುರುಕು ಇಂಗ್ಲಿಷಿನಲ್ಲಿ ದೃಷ್ಟಿ ಎಂದರೇನು, ಕೆಟ್ಟ ಕಣ್ಣು ತಾಗದಿರಲೆಂದು ಮಗುವಿನ ಕೆನ್ನೆಗೆ ಯಾಕೆ ಬೊಟ್ಟಿಡುತ್ತಾರೆ ಎಂದು ವಿವರಿಸತೊಡಗಿದೆ.

"ನೀನು ಬರೆದ ಎಲ್ಲ ಚಿತ್ರಕ್ಕೂ ಇಡುತ್ತಾರಾ?" ಎಂದು ದಂತವೈದ್ಯರು ಕೇಳಿದರು.

"ಇಲ್ಲ, ಇದೇ ಮೊದಲು. ಎಲ್ಲದಕ್ಕೂ ಇಡುವುದಿಲ್ಲ, ಚೆನ್ನಾಗಿರುವುದಕ್ಕೆ ಮಾತ್ರ" ಎಂದೆ.

ಹಾಗೆ ಎಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಗೋಡೆಯ ಮೇಲಿದ್ದ ಮುಖವನ್ನು ನೋಡುತ್ತಾ ನಿಂತುಬಿಟ್ಟೆ. ಯಾರೋ ನನ್ನ ಕೈಗೆ ಒಂದು ಬಿಸ್ಕತ್ತು ಕೊಟ್ಟರು.

ಸಂಜೆ ಕ್ರಾನ್‌ಬರ್ನ್‌ಗೆ ಫೋನ್ ಮಾಡಿದೆ. ಎತ್ತಿಕೊಂಡ ನಾದಿನಿ, "ಅಮ್ಮ ಆರಾಮಾಗಿ ರೀಚ್ ಆದ್ರು ಅತ್ತಿಗೆ, ಅಣ್ಣಂಗೆ ಕೊಡಿ" ಎಂದಳು. ಅಮ್ಮನಿಗೇ ಕೊಡು ಎಂದೆ. ಅವಳಿಗೆ ಆಶ್ಚರ್ಯವಾಗಿರಬೇಕು, ನಾನೂ ಅತ್ತೆಯೂ ಫೋನಿನಲ್ಲಿ ಮಾತಾಡುವ ಪದ್ಧತಿಯೇ ಇರಲಿಲ್ಲ.

"ಚಿತ್ರಕ್ಕೆ ಕಾಡಿಗೆ ಇಟ್ರಾ ಅತ್ತೆ?"

"ಹೂಂ. ಯಾಕೆ, ಹಾಳಾಯ್ತಾ?"

"ಹಾಳಾಗ್ಲಿಲ್ಲ. ಯಾಕಿಟ್ರಿ?"

"ಗೋಡೆಗೆ ಹಾಕ್ತಾರೆ ಅಂದ್ಯಲ್ಲ. ಅಷ್ಟು ಜನದಲ್ಲಿ ಯಾರ ಕಣ್ಣು ಹೇಗೋ, ಯಾರಿಗ್ಗೊತ್ತು."

"ಚೆನ್ನಾಗಿದೆ ಅಂತ ಬಾಯಿಬಿಟ್ಟು ಒಂದು ಮಾತು ಹೇಳ್ಬಹುದಿತ್ತಲ್ಲ ಅತ್ತೆ?"

"ಚೆನ್ನಾಯ್ತು! ನಾನೇ ಹೇಳ್ಬಿಟ್ರೆ ಮುಗೀತಲ್ಲ ಕಥೆ. ಹೊರಗಿನವರಿಗಿಂತ ಮನೆಯವರ ಕಣ್ಣೇ ಬೇಗ ತಾಗೋದು. ನನ್ನ ಮಕ್ಕಳಿಗೇ ಒಂದಿನಾನೂ ಹೇಳಿದವಳಲ್ಲ ನಾನು. ನಿನಗೂ ಅಷ್ಟೇ, ನೀನು ಸೊಸೆಯಾಗಿ ಬಂದಾಗಿನಿಂದ ಬಾಯಿ ಬಿಗಿ ಹಿಡ್ಕೊಂಡೇ ಇದೀನಿ."

ನನಗೆ ಅಳುವೂ ಬಂತು, ಕೆಟ್ಟ ಸಿಟ್ಟೂ ಬಂತು. ಮೈಸೂರುಪಾಕು, ಸೀರೆ, ಸಾರು ಎಲ್ಲದರ ಮುಂದೆಯೂ ಈ ಹೆಂಗಸು ನನ್ನ ಒಳ್ಳೆಯದಕ್ಕೆಂದೇ ತುಟಿ ಕಚ್ಚಿಕೊಂಡು ಕೂತಿದ್ದರಂತೆ!

"ದೃಷ್ಟಿ ತಾಗಿದ್ರೆ ತಾಗ್ಲಿ ಅತ್ತೆ. ಒಂದು ಸಲ ಹೇಳಿ" ಎಂದೆ.

ಆ ಕಡೆ ನಾದಿನಿಯ ಮಗು ಅಜ್ಜಿಗೆ ಇಂಗ್ಲಿಷಿನಲ್ಲಿ ಏನೋ ಕೇಳುತ್ತಿತ್ತು. ಆಮೇಲೆ ಅತ್ತೆ ದನಿ ಪೂರಾ ಇಳಿಸಿ, "ಚೆನ್ನಾಗಿದ್ದೀಯ ಕಣೇ" ಎಂದರು. ಚಿತ್ರದ ಮಾತೇ ಎತ್ತಲಿಲ್ಲ. ಎಂದ ಮರುಕ್ಷಣವೇ ಗಾಬರಿಬಿದ್ದು, "ಈಗಿಂದೀಗ್ಲೇ ಅವನ ಕೈಲಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿಸ್ಕೋ, ಮೊದ್ಲು ಫೋನಿಡು" ಎಂದು ಇಟ್ಟೇಬಿಟ್ಟರು.

ಗಂಡ ಗೊಣಗುತ್ತಲೇ ನಿವಾಳಿಸಿ, ಗ್ಯಾಸ್ ಒಲೆಯ ಮೇಲೆ ಬಾಣಲೆಯಿಟ್ಟು ಮೆಣಸಿನಕಾಯಿ ಹಾಕಿದರು. ದೃಷ್ಟಿ ತಾಗಿದ್ದರೆ ಎಷ್ಟು ಸುಟ್ಟರೂ ಘಾಟು ಬರುವುದಿಲ್ಲ ಎನ್ನುತ್ತಾರೆ. ನಮಗೆ ಬಂದ ಘಾಟಿಗೆ ಇಬ್ಬರೂ ಕೆಮ್ಮಿ ಕೆಮ್ಮಿ ಸುಸ್ತಾದೆವು, ಸ್ಮೋಕ್ ಅಲಾರ್ಮ್ ಬಾಯಿ ಬಡಿದುಕೊಂಡಿತು, ಪಕ್ಕದ ಮನೆಯವರು ಬೇಲಿಯಾಚೆಯಿಂದ ಇಣುಕಿದರು. ಅಂದರೆ ಅತ್ತೆಯ ಮಾತಿನಿಂದ ನನಗೆ ಏನೂ ಆಗಿರಲಿಲ್ಲ. ಏಳು ವರ್ಷವೂ ಅವರು ಧಾರಾಳವಾಗಿ ಹೇಳಬಹುದಿತ್ತು.